ಚಳಿ ಬರುವ ಮುನ್ನ ಊರಿನ ಮನೆ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ದೀಪಾವಳಿಗೆ ಇನ್ನು ಮೂರು ವಾರ ಉಳಿದಿದೆ. ಬೋನಸ್ಸಿನ ಮಾತು ಪ್ರತಿಯೊಂದು ಖೋಲಿಯಲ್ಲೂ ನಡೆದಿದೆ. ಊರಿಗೆ ಹೋಗುವವರು ಟಿಕೇಟು ತೆಗೆಸಿದ್ದಾರೆ. ಹೋಗಲಾರದವರು ಎಷ್ಟು ಹಣ ಕಳಿಸುವುದೆಂದು ಲೆಕ್ಕ ಹಾಕುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಪಗಾರ, ರಜೆ, ಕೆಲಸದ ಗಂಟೆ ಇವನ್ನೆಲ್ಲ ಒಂದು ದಿನದ ಮಟ್ಟಿಗೆ ಬದಿಗಿಟ್ಟು, ಊರಿನ ಮನೆಯ ಚಳಿಗಾಲದ ವಿಷಯ ಮಾತನಾಡಬೇಕೆಂದು ಸಂಘದ ಹಿರಿಯರು ಹೇಳಿದ್ದಾರೆ. ಚಳಿಗೂ ಸಂಘಕ್ಕೂ ಏನು ಸಂಬಂಧವೆಂದು ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲನೆ ಕೇಳಿದ್ದು ನಮ್ಮ ಕಿವಿಗೂ ಬಿತ್ತು. ಸಂಬಂಧವಿದೆ. ನಾವು ಇಲ್ಲಿ ಕೂಡಿ ಹೋರಾಡಿ ಪಡೆದ ಒಂದೊಂದು ರೂಪಾಯಿಯೂ ಕೊನೆಗೆ ಹೋಗಿ ಸೇರುವುದು ಊರಿನ ಒಲೆಯ ಮುಂದೆ. ಅಲ್ಲಿ ಆ ರೂಪಾಯಿ ಏನಾಗುತ್ತದೆಂದು ನೋಡದಿದ್ದರೆ ಇಲ್ಲಿ ಗಳಿಸಿದ್ದು ಅರ್ಧ ಗಳಿಸಿದಂತೆ.

ನಾವು ಹೆಚ್ಚು ಓದಿದವರಲ್ಲ. ಏಳನೆಯ ಇಯತ್ತೆಗೆ ಪುಸ್ತಕ ಮುಚ್ಚಿ, ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯಲು ನಿಂತವರು. ಆದ್ದರಿಂದ ದೊಡ್ಡ ಶಾಸ್ತ್ರ ಹೇಳುವುದಿಲ್ಲ. ಊರಲ್ಲಿ ಕಂಡದ್ದು, ಸದಸ್ಯರ ಬಾಯಿಂದ ಕೇಳಿದ್ದು, ಕೂಡಿಸಿ ಕಳೆದು ನೋಡಿದ್ದು, ಇಷ್ಟನ್ನೇ ಹೇಳುತ್ತೇವೆ.

ನಮ್ಮ ಸಂಘದಲ್ಲಿ ಎರಡು ಸೀಮೆಯ ಜನ ಇದ್ದೇವೆ. ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು ಹೆಚ್ಚಾಗಿ ಹೋಟೆಲಿನವರು. ವಿಜಯಪುರ, ಕಲಬುರಗಿ, ಬೀದರ, ಸೊಲ್ಲಾಪುರದ ಗಡಿಯ ಕಡೆಯವರು ಗಿರಣಿಗಾಗಿ ಬಂದವರು, ಅವರ ಮಕ್ಕಳು. ಮುಂಬಯಿಯ ಗಿರಣಿಗಳು ಬಹುಪಾಲು ಮುಚ್ಚಿದ ಮೇಲೆ ಭಿವಂಡಿಯ ಮಗ್ಗಗಳಿಗೂ ಕಟ್ಟಡದ ಕೆಲಸಕ್ಕೂ ಹೋದವರು. ಕರಾವಳಿಯವರಿಗೆ ಚಳಿ ಅಷ್ಟು ದೊಡ್ಡ ಶತ್ರುವಲ್ಲ. ಸಮುದ್ರದ ತೇವದ ಗಾಳಿ ಅಲ್ಲಿ ರಾತ್ರಿಯನ್ನು ಬೆಚ್ಚಗಿಡುತ್ತದೆ. ಅವರ ಶತ್ರು ಮಳೆಗಾಲ. ಅದಕ್ಕಾಗಿ ಅವರ ತಾಯಂದಿರು ಏಪ್ರಿಲ್, ಮೇ ತಿಂಗಳಲ್ಲೇ ಸೌದೆ ಒಟ್ಟುತ್ತಾರೆ, ಹಲಸಿನ ಹಪ್ಪಳ ಒಣಗಿಸುತ್ತಾರೆ, ಮಾವಿನ ಮಿಡಿ ಉಪ್ಪಿನಲ್ಲಿ ಹಾಕುತ್ತಾರೆ, ಒಣಮೀನು ಕಟ್ಟಿಡುತ್ತಾರೆ. ಆಷಾಢದಲ್ಲಿ ಹೊರಗೆ ಕಾಲಿಡಲಾಗದ ದಿನ ಮನೆಯೊಳಗಿನ ಭರಣಿಯೇ ಅವರಿಗೆ ಪೇಟೆ.

ಬಯಲುಸೀಮೆಯ ಚಳಿಯ ರೀತಿ ಬೇರೆ. ಅದು ಎತ್ತರದ ಬಯಲು, ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲು ಕಾದ ನೆಲ ಹೊತ್ತು ಮುಳುಗಿದ ಕೂಡಲೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಅಂಗಿ ಕಳಚುವಷ್ಟು ಬಿಸಿಲು, ಬೆಳಗಿನ ಜಾವ ಹಲ್ಲು ಕಟಕಟಿಸುವ ಚಳಿ. ಡಿಸೆಂಬರ್, ಜನವರಿಯಲ್ಲಿ ಬೀದರ, ವಿಜಯಪುರಗಳಲ್ಲಿ ಉಷ್ಣಮಾನ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳುಂಟು. ಮುಂಬಯಿಯ ಖೋಲಿಯಲ್ಲಿ ಹತ್ತು ಜನ ಒತ್ತಾಗಿ ಮಲಗುವ ನಮಗೆ ಇದರ ನೆನಪು ಹೋಗಿಬಿಡುತ್ತದೆ. ಇಲ್ಲಿ ಬೆವರು ಒರೆಸಿಕೊಳ್ಳುತ್ತ "ಊರಲ್ಲೇನು ತೊಂದರೆ" ಎಂದುಕೊಳ್ಳುತ್ತೇವೆ. ಅಲ್ಲಿ ಎಪ್ಪತ್ತರ ತಂದೆ ನೆಲದ ಮೇಲೆ ಒಂದು ಹರಕು ಚಾದರ ಹೊದ್ದು ಮೊಣಕಾಲು ಎದೆಗೆ ಸೇರಿಸಿ ಬೆಳಕು ಹರಿಯುವುದನ್ನು ಕಾಯುತ್ತಿರುತ್ತಾನೆ.

ಮೊದಲು ಹೊದಿಕೆಯ ಮಾತು. ದೀಪಾವಳಿಗೆ ಹೋಗುವ ನಮ್ಮವರ ಚೀಲದಲ್ಲಿ ಏನಿರುತ್ತದೆ? ಫುಟ್‌ಪಾಥಿನಲ್ಲಿ ಕೊಂಡ, ಹುಲಿಯ ಚಿತ್ರವೋ ಗುಲಾಬಿಯ ಚಿತ್ರವೋ ಇರುವ ಮೆತ್ತನೆಯ ಪಾಲಿಯೆಸ್ಟರ್ ಬ್ಲಾಂಕೆಟ್ಟು. ನೋಡಲು ಚೆನ್ನ, ತೂಕ ಕಡಿಮೆ, ಬೆಲೆಯೂ ಕಡಿಮೆ. ಬಡವನು ಅಗ್ಗದ್ದು ಕೊಂಡರೆ ಅದನ್ನು ತಪ್ಪೆಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ಆ ಬಟ್ಟೆಗೆ ಒಲೆಯ ಕಿಡಿ ಹಾರಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆಯ ಗುಣ ಹಾಗಲ್ಲ. ಅದಕ್ಕೆ ಬೆಂಕಿ ಬೇಗ ಹತ್ತುವುದಿಲ್ಲ, ಹತ್ತಿದರೂ ಕಿಡಿ ತೆಗೆದೊಡನೆ ತಾನೇ ಆರಿಹೋಗುವುದುಂಟು. ಒಲೆಯ ಬಳಿ ಮಲಗುವ ಮುದುಕರಿಗೆ, ತೊಟ್ಟಿಲ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ನಮ್ಮ ನಾಡಿನ ಕುರಿಯ ಕರಿಕಂಬಳಿ ನಿಮಗೆಲ್ಲ ಗೊತ್ತು. ಕುರಿ ಕತ್ತರಿಸಿ, ಉಣ್ಣೆ ಬಿಡಿಸಿ, ಹಿಂಜಿ, ಹೆಂಗಸರು ನೂತು, ಗುಂಡಿಮಗ್ಗದ ಮೇಲೆ ನೇಯುತ್ತಾರೆ. ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಆದ್ದರಿಂದ ಹೊಸ ಕಂಬಳಿ ಬಿರುಸು, ಮೈಗೆ ಚುಚ್ಚುತ್ತದೆ. ಒಂದು ವರ್ಷ ಹೊದ್ದ ಮೇಲೆ ಮೆದುವಾಗುತ್ತದೆ. ಕರಿ ಕುರಿಯ ಉಣ್ಣೆಯಾದರೆ ಬಣ್ಣ ಹಾಕುವ ಗೊಡವೆಯಿಲ್ಲ. ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಇಬ್ಬನಿಯ ತೇವವನ್ನು ಅದು ಹೀರಿಕೊಂಡರೂ ಮೈಗೆ ತಣ್ಣಗೆ ತಾಗುವುದಿಲ್ಲ. ಕುರಿ ಕಾಯುವವರು ಬಯಲಿನಲ್ಲಿ ರಾತ್ರಿ ಕಳೆಯುವುದು ಇದರ ಬಲದಿಂದಲೇ. ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಳೆಗೂ ಆಯಿತು, ನೆಲಕ್ಕೆ ಹಾಸಿದರೆ ಹಾಸಿಗೆಯೂ ಆಯಿತು. ಚೆನ್ನಾಗಿ ನೇಯ್ದ ಕಂಬಳಿ ಎಷ್ಟೋ ವರ್ಷ ಬಾಳುತ್ತದೆ.

ಹೀಗಿದ್ದೂ ನೇಕಾರನ ಮಗ್ಗ ಏಕೆ ನಿಂತಿತು? ಮಾಂಸಕ್ಕಾಗಿ ಉಣ್ಣೆ ಕಡಿಮೆ ಇರುವ ಕುರಿಗಳನ್ನು ಸಾಕುವುದು ಹೆಚ್ಚಿತು. ದಖ್ಖನಿ ಕುರಿಯ ಒರಟು ಉಣ್ಣೆಗೆ ಗಿರಾಕಿ ಇಲ್ಲವಾಯಿತು. ಎಷ್ಟೋ ಕಡೆ ಕುರಿ ಕತ್ತರಿಸುವ ಕೂಲಿಯೂ ಗಿಟ್ಟದೆ ಉಣ್ಣೆಯನ್ನು ಅಲ್ಲೇ ಚೆಲ್ಲುತ್ತಾರೆ. ಅತ್ತ ಉಣ್ಣೆ ತಿಪ್ಪೆಗೆ ಹೋಗುತ್ತದೆ, ಇತ್ತ ನಾವು ನೂರಾರು ಮೈಲಿ ದೂರದಿಂದ ಬ್ಲಾಂಕೆಟ್ಟು ಹೊತ್ತುಕೊಂಡು ಹೋಗುತ್ತೇವೆ. ಒಂದು ಊರಿನ ಇಪ್ಪತ್ತು ಜನ ಸದಸ್ಯರು ಸೇರಿ, ನೇಕಾರನಿಗೆ ಮುಂಗಡ ಕೊಟ್ಟು, ಇಪ್ಪತ್ತು ಕಂಬಳಿ ನೇಯಿಸಿದರೆ ಅವನ ಮನೆಯಲ್ಲಿ ಆ ಚಳಿಗಾಲಕ್ಕೆ ಕೆಲಸವಾಯಿತು. ಕೊಳ್ಳುವಾಗ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅದರಲ್ಲಿ ಬೆರಕೆ ಇದೆ.

ಕಂಬಳಿ ಕೊಳ್ಳಲಾಗದವರಿಗೆ ಕೌದಿ ಇದೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ ನಮ್ಮ ತಾಯಂದಿರ ವಿದ್ಯೆ. ಇಲ್ಲಿ ಖೋಲಿಯಲ್ಲಿ ಎಸೆಯುವ ಹಳೆ ಹತ್ತಿ ಬಟ್ಟೆಯನ್ನು ಒಗೆದು ಕಟ್ಟಿ ಊರಿಗೆ ಒಯ್ಯಿರಿ. ಹೊಲಿಯುವ ಹೆಂಗಸಿಗೆ ಕೂಲಿ ಕೊಡಿ, ಪುಕ್ಕಟೆ ಮಾಡಿಸಬೇಡಿ. ಚಾದರವೇ ಬೇಕೆಂದರೆ ಸೊಲ್ಲಾಪುರದ ಹತ್ತಿಯ ಚಾದರ ಕೊಳ್ಳಿ. ಅದನ್ನು ನೇಯುವ ಊರಿನಲ್ಲಿ ಕನ್ನಡ, ತೆಲುಗು, ಮರಾಠಿ ಮಾತಾಡುವ ಕೆಲಸಗಾರರು ಒಟ್ಟಿಗೆ ಬದುಕುತ್ತಾರೆ. ನಾವು ಕೊಡುವ ಹಣ ನಮ್ಮಂಥ ಕೆಲಸಗಾರನ ಮನೆಗೇ ಹೋಗುತ್ತದೆ.

ಎರಡನೆಯದು ಮನೆ. ಹಿಂದೆ ಬಯಲುಸೀಮೆಯ ಮನೆಗೆ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹಗಲಿನ ಬಿಸಿಯನ್ನು ಅದು ರಾತ್ರಿಗೆ ಉಳಿಸಿಕೊಡುತ್ತಿತ್ತು. ಈಗ ನಾವು ಕಳಿಸಿದ ಹಣದಿಂದಲೇ ಬಹಳ ಮನೆಗಳಿಗೆ ತಗಡು ಬಂದಿದೆ. ಸೋರುವ ಮಾಳಿಗೆಗಿಂತ ತಗಡು ಮೇಲೆಂಬುದು ನಿಜ. ಆದರೆ ತಗಡು ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತದೆ, ಚಳಿಗಾಲದ ರಾತ್ರಿ ಮಂಜಿನಂತೆ ತಣ್ಣಗಾಗುತ್ತದೆ. ಒಳಗಿನ ಉಸಿರು ಅದಕ್ಕೆ ತಾಗಿ ನೀರಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಇದಕ್ಕೆ ಉಪಾಯ, ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿಯನ್ನು ಕಟ್ಟಿ ಕೆಳಗಿನಿಂದ ಮಣ್ಣು ಸಗಣಿ ಮೆತ್ತುವುದು. ಒಲೆಯ ನೇರಕ್ಕೆ ಮಾತ್ರ ತಟ್ಟಿ ಕಟ್ಟಬಾರದು. ಗೋಡೆಯ ಬಿರುಕುಗಳನ್ನು ಮಳೆ ನಿಂತ ಕೂಡಲೆ ಮಣ್ಣಿನಿಂದ ಮುಚ್ಚಬೇಕು. ಗಾಳಿ ಬರುವ ದಿಕ್ಕಿನ ಬಾಗಿಲಿಗೆ ಗೋಣಿಯ ಪರದೆ ಹಾಕಬೇಕು. ಮುದುಕರು ನೆಲದಲ್ಲಿ ಮಲಗದೆ ಹೊರಸಿನ ಮೇಲೆ ಮಲಗಲಿ. ಚಳಿ ಮೇಲಿನಿಂದ ಬರುವಷ್ಟೇ ಕೆಳಗಿನಿಂದಲೂ ಬರುತ್ತದೆ. ಒಂದು ಹೊದಿಕೆ ಮಾತ್ರ ಇದ್ದರೆ ಅಡಿಗೆ ಗೋಣಿಚೀಲ, ಜೋಳದ ರವದಿ ಏನಾದರೂ ದಪ್ಪಗೆ ಹಾಸಿಕೊಳ್ಳಲಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದು ಮನೆಮನೆಗೂ ಮುಟ್ಟಬೇಕು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಿಗಡಿ ಇಟ್ಟುಕೊಂಡಾಗಲಿ, ಕೆಂಡ ತುಂಬಿದ ಬುಟ್ಟಿ ಇಟ್ಟುಕೊಂಡಾಗಲಿ ಮಲಗಬಾರದು. ಉರಿಯುವ ಇದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾದರೂ ಕಣ್ಣುರಿಸಿ ಎಬ್ಬಿಸುತ್ತದೆ, ಇದು ಎಬ್ಬಿಸುವುದಿಲ್ಲ. ತಲೆನೋವು, ವಾಂತಿ, ಮಂಪರು, ಅಲ್ಲಿಂದ ಮುಂದೆ ಏಳದ ನಿದ್ದೆ. ಮಲಗುವ ಮುಂಚೆ ಕೆಂಡವನ್ನು ಹೊರಗೆ ಹಾಕಿ ನೀರು ಹೊಡೆಯಬೇಕು. ಬೆಳಕಿಂಡಿಯನ್ನು ಪೂರ್ತಿ ಮುಚ್ಚಬಾರದು. ಮೈ ಕಾಯಿಸಿಕೊಳ್ಳುವವರು ಅಂಗಳದಲ್ಲಿ ಕಾಯಿಸಿಕೊಳ್ಳಲಿ. ಹಾಸಿಗೆ ಬೆಚ್ಚಗಾಗಬೇಕಾದರೆ ಬಿಸಿನೀರು ತುಂಬಿ ಬಾಯಿ ಬಿಗಿದ ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಬಳಿ ಇಟ್ಟುಕೊಳ್ಳಲಿ.

ಮೂರನೆಯದು ಅನ್ನದ ಮಾತು. ಹೋಟೆಲಿನವರಾದ ನಮಗೆ ಇದು ಸ್ವಂತ ಕಸಬಿನ ವಿಷಯ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷವೆಂದು ಆಚರಿಸಿತು. ಅಲ್ಲಿಂದೀಚೆಗೆ ಈ ಶಹರದ ದೊಡ್ಡ ಹೋಟೆಲುಗಳಲ್ಲಿ ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ ಬೆಳ್ಳಿಯ ಬಣ್ಣದ ತಟ್ಟೆಯಲ್ಲಿ ಕುಳಿತಿವೆ. ಒಂದು ರೊಟ್ಟಿಯ ಬೆಲೆಗೆ ಊರಲ್ಲಿ ಒಂದು ದಿನ ಮನೆಮಂದಿ ಉಣ್ಣಬಹುದು. ಅದನ್ನು ಹೊತ್ತು ಗಿರಾಕಿಯ ಮುಂದೆ ಇಡುವವರು ನಾವು. ನಮ್ಮ ಮನೆಯ ಮಕ್ಕಳಾದರೋ ಊರಲ್ಲಿ ಪೊಟ್ಟಣದ ಸೇವಯಿ, ಬಣ್ಣದ ಕುರುಕಲು ತಿನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿದೆ.

ಚಳಿಗಾಲಕ್ಕೆ ಬೇಕಾದ್ದೆಲ್ಲವನ್ನೂ ಭೂಮಿತಾಯಿ ಅದೇ ಕಾಲಕ್ಕೆ ಕೊಡುತ್ತಾಳೆ. ಸಜ್ಜೆ ದೀಪಾವಳಿಯ ಮುಂಚೆಯೇ ಮನೆಗೆ ಬಂದಿರುತ್ತದೆ. ಎಳ್ಳು ಬಂದಿರುತ್ತದೆ. ಶೇಂಗಾ ಆಗಷ್ಟೇ ಕಿತ್ತಿರುತ್ತಾರೆ. ಕಬ್ಬು ಅರೆಯುವುದು ಶುರುವಾಗಿ ಮಹಾಲಿಂಗಪುರ, ಮುಧೋಳದ ಕಡೆ ಹೊಸ ಬೆಲ್ಲ ಬರುತ್ತದೆ. ಹೊಲದಲ್ಲಿ ಕಡಲೆಯ ಹುಳಿ ಸೊಪ್ಪು, ಮೆಂತ್ಯ, ಹತ್ತರಕಿ. ಡಿಸೆಂಬರ್, ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ ಇವೆಲ್ಲ ಹಿರಿಯರು ಸುಮ್ಮನೆ ಇಟ್ಟ ಪದ್ಧತಿಯಲ್ಲ. ಎಣ್ಣೆಯ ಅಂಶ ಹೆಚ್ಚಿರುವ ಎಳ್ಳು, ಶೇಂಗಾ, ಗುರೆಳ್ಳು, ಅಗಸಿ ಚಳಿಯಲ್ಲಿ ದುಡಿಯುವ ಮೈಗೆ ಬಲ ಕೊಡುತ್ತವೆ. ಒಂದು ಡಬ್ಬಿ ಗುರೆಳ್ಳು ಹಿಂಡಿ, ಒಂದು ಡಬ್ಬಿ ಶೇಂಗಾ ಹಿಂಡಿ ಇದ್ದರೆ ಪಲ್ಯವಿಲ್ಲದ ದಿನವೂ ರೊಟ್ಟಿ ಇಳಿಯುತ್ತದೆ. ಬೆಲ್ಲ ಕೊಳ್ಳುವಾಗ ಹೊಳೆಯುವ ಹಳದಿ ಬೆಲ್ಲಕ್ಕೆ ಮರುಳಾಗಬೇಡಿ. ಬಿಳಿಚಲೆಂದು ರಾಸಾಯನಿಕ ಹಾಕುವವರಿದ್ದಾರೆ. ಕಂದು ಬಣ್ಣದ ಬೆಲ್ಲವೇ ವಾಸಿ.

ಈಗ ಲೆಕ್ಕ. ಮನೆಯಲ್ಲಿ ಇಬ್ಬರು ಮುದುಕರು, ಹೆಂಡತಿ, ಇಬ್ಬರು ಮಕ್ಕಳು ಎಂದಿಟ್ಟುಕೊಳ್ಳಿ. ದಿನಕ್ಕೆ ಒಂದೂವರೆ ಕಿಲೋ ಹಿಟ್ಟು ಬೇಕು. ನವೆಂಬರಿನಿಂದ ಫೆಬ್ರವರಿ ಮುಗಿಯುವ ತನಕ 120 ದಿನ. ಒಟ್ಟು 180 ಕಿಲೋ, ಅಂದರೆ ಎರಡು ಕ್ವಿಂಟಲಿಗೆ 20 ಕಿಲೋ ಕಡಿಮೆ. ಹಿಂಗಾರಿಯ ಬಿಳಿಜೋಳ ಕಟಾವಿಗೆ ಬರುವುದು ಫೆಬ್ರವರಿ, ಮಾರ್ಚಿಗೆ. ಅಲ್ಲಿಯವರೆಗೆ ಹಳೆಯ ಜೋಳವೂ ಹೊಸ ಸಜ್ಜೆಯೂ ಸೇರಿ ಈ 180 ಕಿಲೋ ಮನೆಯಲ್ಲಿದೆಯೇ ಎಂದು ಊರಿಗೆ ಹೋದ ಮೊದಲ ದಿನವೇ ಕಣಜಕ್ಕೆ ಕೈ ಹಾಕಿ ನೋಡಿ. ಕಡಿಮೆ ಬಿದ್ದರೆ ಊರಿನ ರೈತನಿಂದಲೋ ವಾರದ ಸಂತೆಯಿಂದಲೋ ಆಗಲೇ ಕೊಂಡುಬಿಡಿ. ಜನವರಿಯಲ್ಲಿ ಕೈಕಡವಾಗಿ ಕಿಲೋ ಲೆಕ್ಕದಲ್ಲಿ ಕೊಂಡರೆ ಅಂಗಡಿಯವನು ಹೇಳಿದ್ದೇ ದರ, ಅವನು ಬರೆದದ್ದೇ ಲೆಕ್ಕ.

ಪಡಿತರವನ್ನೂ ಬಿಡಬೇಡಿ. ಆದ್ಯತಾ ಕುಟುಂಬದ ಕಾರ್ಡಿನಲ್ಲಿ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಕೇಂದ್ರ ಸರಕಾರ 2023ರ ಜನವರಿಯಿಂದ ಬೆಲೆಯಿಲ್ಲದೆ ಕೊಡುತ್ತಿದೆ. 2024ರ ಜನವರಿಯಿಂದ ಮತ್ತೆ ಐದು ವರ್ಷಕ್ಕೆ ಅದನ್ನು ಮುಂದುವರಿಸಿದೆ. ನಿಮ್ಮ ಹೆಸರು ಊರಿನ ಕಾರ್ಡಿನಲ್ಲಿದ್ದರೆ ನಿಮ್ಮ ಪಾಲನ್ನು ಆಧಾರದ ಮೇಲೆ ಬೆರಳೊತ್ತಿ ಇಲ್ಲಿಯ ಪಡಿತರ ಅಂಗಡಿಯಲ್ಲೇ ಪಡೆಯಬಹುದು. ಮನೆಯವರ ಪಾಲು ಊರಲ್ಲೇ ಉಳಿಯುತ್ತದೆ. ಇದು ಗೊತ್ತಿಲ್ಲದೆ ಇಲ್ಲಿ ಅಕ್ಕಿ ಕೊಂಡು ತಿನ್ನುವ ನಮ್ಮ ಹುಡುಗರು ಎಷ್ಟು ಮಂದಿ! ಅಂಗಡಿಯವನು ಆಗುವುದಿಲ್ಲವೆಂದರೆ ಸಂಘಕ್ಕೆ ಬನ್ನಿ, ಒಟ್ಟಾಗಿ ಹೋಗಿ ಕೇಳೋಣ.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಕಲಬುರಗಿ, ಬೀದರ, ವಿಜಯಪುರದ ಹೊಲಗಳಲ್ಲಿ ತೊಗರಿ ಬೆಳೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಆಗುತ್ತದೆ. ರಾಶಿ ಮುಗಿಯುವ ಮುಂಚೆಯೇ ಸಾಲ ಕೊಟ್ಟವನು ಕಣದ ಅಂಚಿನಲ್ಲಿ ನಿಂತಿರುತ್ತಾನೆ. ಮನೆಯವರು ಕಾಳೆಲ್ಲ ಚೀಲಕ್ಕೆ ತುಂಬಿ ಕೊಟ್ಟುಬಿಡುತ್ತಾರೆ. ಏಪ್ರಿಲ್ ತಿಂಗಳಿಗೆ ಅದೇ ಮನೆಯ ಹೆಣ್ಣುಮಗಳು ಅಂಗಡಿಗೆ ಹೋಗಿ, ತನ್ನ ಹೊಲದಿಂದ ಹೋದ ಕಾಳಿನ ಬೇಳೆಯನ್ನೇ ಅರ್ಧ ಕಿಲೋ, ಕಾಲು ಕಿಲೋ ಕೊಂಡು ತರುತ್ತಾಳೆ. ಹೋಗುವಾಗ ಸಗಟು ದರ, ಬರುವಾಗ ಚಿಲ್ಲರೆ ದರ. ನಡುವಿನದು ಯಾರ ಮನೆಗೆ ಹೋಯಿತೆಂದು ನೀವೇ ಬಲ್ಲಿರಿ.

ಈ ದರವೂ ನಂಬುವಂಥದಲ್ಲ. 2015ರಲ್ಲಿ ತೊಗರಿಬೇಳೆ ಶಹರಗಳಲ್ಲಿ ಕಿಲೋಗೆ 200 ರೂಪಾಯಿಯ ಹತ್ತಿರ ಹೋಗಿತ್ತು. ಅದನ್ನು ನೋಡಿ ಎಲ್ಲರೂ ತೊಗರಿ ಬಿತ್ತಿದರು. 2017ರ ಆರಂಭದಲ್ಲಿ ರಾಶಿ ಬಂದಾಗ ದರ ಸರಕಾರದ ಬೆಂಬಲ ಬೆಲೆಯಾದ ಕ್ವಿಂಟಲಿಗೆ ರೂ. 5,050ಕ್ಕಿಂತಲೂ ಕೆಳಗೆ ಬಿತ್ತು. 2025-26ರ ಹಂಗಾಮಿಗೆ ಬೆಂಬಲ ಬೆಲೆ ರೂ. 8,000 ಎಂದು ಸಾರಿದ್ದರು. ಸಾರಿದ ಬೆಲೆ ಬೇರೆ, ರಾಶಿಯ ದಿನ ಕೈಗೆ ಬರುವ ಬೆಲೆ ಬೇರೆ. ಖರೀದಿ ಕೇಂದ್ರ ತೆರೆಯುವ ತನಕ ಕಾಯುವ ಶಕ್ತಿ ಇದ್ದವನಿಗೆ ಮಾತ್ರ ಬೆಂಬಲ ಬೆಲೆ ದಕ್ಕುತ್ತದೆ.

ಐದು ಜನರ ಮನೆಗೆ ದಿನಕ್ಕೆ ಕಾಲು ಕಿಲೋ ಬೇಳೆ ಸಾಕು. ತಿಂಗಳಿಗೆ ಏಳೂವರೆ ಕಿಲೋ, ವರ್ಷಕ್ಕೆ 90 ಕಿಲೋ. ಕ್ವಿಂಟಲ್ ಕಾಳಿಗೆ ಸುಮಾರು 70 ಕಿಲೋ ಬೇಳೆ ಬೀಳುತ್ತದೆ ಎಂದರೆ 130 ಕಿಲೋ ತೊಗರಿ ಮನೆಗೆ ಬೇಕು. ಕಿಲೋಗೆ 80 ರೂಪಾಯಿಯಂತೆ ಅದರ ಬೆಲೆ ರೂ. 10,400. ಬೇಳೆ ಮಾಡಿಸುವ ಖರ್ಚು ಬಿಟ್ಟರೆ ಕಿಲೋಗೆ ಸುಮಾರು 115 ರೂಪಾಯಿ ಬಿದ್ದಂತಾಯಿತು. ಹೊಟ್ಟು, ನುಚ್ಚು ದನಕ್ಕೆ. ಅಂಗಡಿಯ ದರ ಎಷ್ಟಿದೆಯೆಂದು ನಿಮ್ಮ ಬೀದಿಯಲ್ಲಿ ಕೇಳಿ ಪಕ್ಕದಲ್ಲಿ ಬರೆದು ನೋಡಿ. ಉಳಿತಾಯ ಹೆಚ್ಚೋ ಕಡಿಮೆಯೋ, ವರ್ಷವಿಡೀ ಬೇಳೆಗಾಗಿ ಅಂಗಡಿಯ ಉದ್ರಿ ಪುಸ್ತಕಕ್ಕೆ ಕೈ ಚಾಚುವುದು ತಪ್ಪಿತು.

ಇಲ್ಲಿಯೇ ನಮ್ಮ ಪಾತ್ರ ಬರುತ್ತದೆ. ಹಿಂದೆ ಮನಿಯಾರ್ಡರು, ಇಂದು ಫೋನಿನಿಂದ ಹಣ. ನಾವು ದೀಪಾವಳಿಗೆ ಎಲ್ಲವನ್ನೂ ಖರ್ಚು ಮಾಡಿ, ರಾಶಿಯ ಕಾಲಕ್ಕೆ ಬರಿಗೈಲಿ ಇರುತ್ತೇವೆ. ಅದನ್ನು ತಿರುಗಿಸಿರಿ. ಬೋನಸ್ಸಿನ ಮೂರರಲ್ಲಿ ಒಂದು ಪಾಲನ್ನು ಜನವರಿಗೆಂದು ಕಟ್ಟಿಡಿ. ರಾಶಿಯ ವಾರದಲ್ಲಿ ಅದನ್ನು ಊರಿಗೆ ಕಳಿಸಿ, "ಸಾಲದವನಿಗೆ ಇದನ್ನು ಕೊಡಿ, ಮನೆಯ 130 ಕಿಲೋ ತೊಗರಿ ಮುಟ್ಟಬೇಡಿ, ಬೀಜದ ಕಾಳು ಬೇರೆ ತೆಗೆದಿಡಿ" ಎಂದು ಹೇಳಿ. ಉಳಿದ ಕಾಳನ್ನು ಅವಸರಕ್ಕೆ ಮಾರದೆ ಉಗ್ರಾಣದಲ್ಲಿಟ್ಟು ಅಡಮಾನ ಸಾಲ ಪಡೆಯುವ ವ್ಯವಸ್ಥೆಯೂ ಕೃಷಿ ಮಾರುಕಟ್ಟೆ ಸಮಿತಿಗಳಲ್ಲಿ ಉಂಟು. ಅದನ್ನು ವಿಚಾರಿಸಿ. ಹೊಲವಿಲ್ಲದ ಸದಸ್ಯರು, ಅವರೇ ನಮ್ಮಲ್ಲಿ ಬಹಳ ಜನ, ಅದೇ ಹಣದಿಂದ ಅದೇ ವಾರ ನೆರೆಯ ರೈತನ ಕಣದಲ್ಲೇ ತೂಕ ಹಾಕಿಸಿ ಕೊಳ್ಳಲಿ. ರೈತನಿಗೆ ದಲಾಲಿಯ ದರಕ್ಕಿಂತ ನಾಲ್ಕು ಕಾಸು ಹೆಚ್ಚು, ನಮಗೆ ಅಂಗಡಿಗಿಂತ ನಾಲ್ಕು ಕಾಸು ಕಡಿಮೆ. ಇಬ್ಬರೂ ಬಡವರೇ, ಇಬ್ಬರಿಗೂ ನ್ಯಾಯ.

ಕೊಂಡದ್ದನ್ನು ಕೆಡದಂತೆ ಇಡುವುದೂ ಒಂದು ವಿದ್ಯೆ. ಕಾಳನ್ನು ಹಲ್ಲಿಗೆ ಹಾಕಿ ಕಡಿದರೆ ಟಕ್ಕೆಂದು ಒಡೆಯುವ ತನಕ ಬಿಸಿಲಿನಲ್ಲಿ ಒಣಗಿಸಬೇಕು. ತೇವ ಉಳಿದ ಕಾಳಿಗೆ ಬೂಷ್ಟು, ಹುಳು ಎರಡೂ ಬರುತ್ತವೆ. ಒಣಬೇವಿನ ಎಲೆಯೋ ಜರಡಿ ಹಿಡಿದ ಬೂದಿಯೋ ಬೆರೆಸಿ, ಬಾಯಿ ಬಿಗಿದ ಡಬ್ಬಿಯಲ್ಲಿ ತುಂಬಿ, ನೆಲದಿಂದ ಎತ್ತರಕ್ಕೆ ಮಣೆಯ ಮೇಲೆ ಇಡಬೇಕು. ಗೋಡೆಗೆ ತಾಗಿಸಬಾರದು. ಬಯಲುಸೀಮೆಯ ಹಿರಿಯರು ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಜೋಳ ಕಾದದ್ದು ಗಾಳಿ, ತೇವ ಎರಡನ್ನೂ ದೂರವಿಟ್ಟೇ. ಹಗೇವಿನ ಬಾಯಿ ತೆರೆದಾಗ ಕೂಡಲೆ ಒಳಗೆ ಇಳಿಯಬಾರದು, ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ ಎಂಬುದನ್ನೂ ಅವರು ಬಲ್ಲವರಾಗಿದ್ದರು.

ಸಂಘದ ಸಭೆಯಲ್ಲಿ ಈ ಕಣಜದ ಮಾತು ಏಕೆಂದರೆ, ನಮ್ಮ ಚರಿತ್ರೆ ಅದನ್ನು ಕಲಿಸಿದೆ. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕೆಲಸಗಾರರು ಹೊರಗೆ ನಿಂತರು. ಪಗಾರ ನಿಂತ ಮೇಲೆ ಸಾವಿರಾರು ಜನ ಊರಿಗೆ ಹೋದರು. ಊರಲ್ಲಿ ಜೋಳ ಇದ್ದವನು ತಿಂಗಳುಗಟ್ಟಲೆ ನಿಂತ. ಊರಲ್ಲೂ ಬರಿಯ ಕಣಜ ಇದ್ದವನ ಗತಿ ಏನಾಯಿತೆಂದು ಇಲ್ಲಿ ಕುಳಿತ ಹಿರಿಯರನ್ನು ಕೇಳಿ. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಹೋಟೆಲುಗಳ ಬಾಗಿಲು ಒಂದೇ ರಾತ್ರಿಯಲ್ಲಿ ಮುಚ್ಚಿದವು. ಗಲ್ಲಾದ ಸೇಟು ಕೈಯೆತ್ತಿದ. ಆಗಲೂ ನಮ್ಮನ್ನು ಉಳಿಸಿದ್ದು ಊರಿನ ಒಲೆ. ಮಾಲಕರ ಮುಂದೆ ನಿಂತು "ಆಗುವುದಿಲ್ಲ" ಎಂದು ಹೇಳುವ ಧೈರ್ಯ ಘೋಷಣೆಯಿಂದ ಮಾತ್ರ ಬರುವುದಿಲ್ಲ. ಮನೆಯಲ್ಲಿ ನಾಲ್ಕು ತಿಂಗಳ ಅನ್ನ ಇದೆ ಎಂಬ ನಂಬಿಕೆಯಿಂದಲೂ ಬರುತ್ತದೆ.

ಊರಿನ ಮಾಲೆಲ್ಲ ಒಳ್ಳೆಯದು, ಹೊರಗಿನದೆಲ್ಲ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಸಂತೆಯಲ್ಲಿ ತೂಕದಲ್ಲಿ ಮೋಸ ಮಾಡುವವರಿದ್ದಾರೆ, ಗಾಣದ ಎಣ್ಣೆಯೆಂದು ಬೆರಕೆ ಮಾರುವವರಿದ್ದಾರೆ. ಕಣ್ಣಿಟ್ಟು ಕೊಳ್ಳಬೇಕು. ಔಷಧಿಯನ್ನು ಊರಿನದೆಂದು ಮಾಡಿಕೊಳ್ಳಲಾಗದು. ಚಳಿಯಲ್ಲಿ ಮುದುಕರಿಗೆ ಉಬ್ಬಸ, ಎದೆನೋವು ಬಂದರೆ ಕಷಾಯ ಕುಡಿಸಿ ಕೂರಬೇಡಿ, ಆಸ್ಪತ್ರೆಗೆ ಒಯ್ಯಿರಿ. ಮಗುವಿಗೆ ಉಸಿರು ಜೋರಾಗಿ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ. ಕಬ್ಬು ಕಡಿಯಲು ಗುಂಪಿನೊಡನೆ ಹೋಗುವ ನಮ್ಮ ಅಕ್ಕತಂಗಿಯರು ಎಳೆಗೂಸನ್ನು ಹೊಲದ ಜೋಪಡಿಯಲ್ಲಿ ಮಲಗಿಸುತ್ತಾರೆ. ಮನೆಯಲ್ಲಿ ಒಂದೇ ಕಂಬಳಿ ಇದ್ದರೆ ಅದು ಆ ಕೂಸಿನ ಜೊತೆಗೆ ಹೋಗಲಿ.

ಕೊನೆಗೆ ಸಂಘ ಮಾಡಬಹುದಾದ ಕೆಲಸ. ಒಂದು, ತಾಲ್ಲೂಕಿಗೊಬ್ಬ ಸದಸ್ಯ ಹೊದಿಕೆಯ ಪಟ್ಟಿ ಮಾಡಲಿ. ಎಷ್ಟು ಕಂಬಳಿ, ಎಷ್ಟು ಚಾದರವೆಂದು ಗೊತ್ತಾದರೆ ನೇಕಾರರ ಬಳಿ ಒಟ್ಟಿಗೆ ಮಾತಾಡಬಹುದು. ಎರಡು, ಜನವರಿಯ ತೊಗರಿಗಾಗಿ ಇಂದಿನಿಂದಲೇ ವಾರಕ್ಕಿಷ್ಟೆಂದು ಪ್ರತಿಯೊಬ್ಬರೂ ತಮ್ಮ ಹೆಸರಿನ ಖಾತೆಯಲ್ಲಿ ಕಟ್ಟಲಿ. ಸಂಘದವರ ಕೈಗೆ ಕೊಡಬೇಡಿ, ಸ್ವಂತ ಅಂಚೆ ಖಾತೆಗೆ ಹಾಕಿ, ಪುಸ್ತಕ ತಂದು ತೋರಿಸಿದರೆ ಸಾಕು. ಮೂರು, ಪಡಿತರದ ಕಾಗದಪತ್ರ ಸರಿಯಿಲ್ಲದವರು ತರಲಿ, ಓದಬಲ್ಲ ಹುಡುಗರು ಕುಳಿತು ಸರಿಮಾಡಿಕೊಡುತ್ತಾರೆ. ನಾಲ್ಕು, ಊರಿಗೆ ಹೋದವರು ಕೆಂಡದ ಎಚ್ಚರಿಕೆಯನ್ನು ತಮ್ಮ ಓಣಿಯ ಹತ್ತು ಮನೆಗೆ ಹೇಳಿ ಬರಲಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಕರಾವಳಿಯ ಸೋದರರು ಈ ಪಟ್ಟಿಯನ್ನು ಮಾರ್ಚಿನಲ್ಲಿ ತಮ್ಮ ಮಳೆಗಾಲಕ್ಕೆ ಬದಲಿಸಿ ಮಾಡಿಕೊಳ್ಳಲಿ. ಆಗ ಬಯಲುಸೀಮೆಯವರು ಅವರ ಜೊತೆ ನಿಲ್ಲುತ್ತೇವೆ. ಕಂಬಳಿಯ ಪಟ್ಟಿ ಬರೆಯುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೊರಡುವ ಮುಂಚೆ ಹೆಸರು, ಊರು, ಮನೆಯಲ್ಲಿ ಮಲಗುವವರ ಸಂಖ್ಯೆ ಇಷ್ಟನ್ನು ಬರೆಸಿ ಹೋಗಿ. ಬರೆಯಲು ಬಾರದವರು ಸಂಕೋಚಪಡಬೇಡಿ, ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.